ಸ್ಟೇರಿಂಗಿಗೆ ಅಂಗಿ ಹೊಲಿಸಿದ್ದು

ರಾಯದುರ್ಗದಲ್ಲಿ ಸಾಲಾಗಿ ನಿಂತ ಗಾಡಿಗಳ ಕಿಟಕಿಯಲ್ಲಿ ಒಂದು ಸಲ ಇಣುಕಿ ನೋಡಬೇಕು. ಯಜಮಾನನ ಗುಣ ಬಾನೆಟ್ಟಿನ ಮೇಲೆ ಕಾಣುವುದಿಲ್ಲ, ಸ್ಟೇರಿಂಗಿನ ಮೇಲೆ ಕಾಣುತ್ತದೆ. ಒಬ್ಬನದಕ್ಕೆ ಕರಡಿಯ ಮೈಯಂಥ ಕೂದಲಿನ ಹೊದಿಕೆ. ಇನ್ನೊಬ್ಬನದಕ್ಕೆ ಅರ್ಧ ಕೆಂಪು ಅರ್ಧ ಕಪ್ಪು ರೆಕ್ಸಿನ್. ಮತ್ತೊಬ್ಬ ಪುಣ್ಯಾತ್ಮ ಷೋರೂಮಿನಲ್ಲಿ ಸುತ್ತಿ ಕೊಟ್ಟ ಪ್ಲಾಸ್ಟಿಕ್ ಹಾಳೆಯನ್ನು ಮೂರು ವರ್ಷವಾದರೂ ಬಿಚ್ಚಿಲ್ಲ. ನಾನು ಹುಡುಗನಾಗಿದ್ದಾಗ ಲಾರಿ ಡ್ರೈವರುಗಳು, ಹೆಣ್ಣುಮಕ್ಕಳು ಬುಟ್ಟಿ ಹೆಣೆಯುವ ಪ್ಲಾಸ್ಟಿಕ್ ವಯರನ್ನೇ ಸ್ಟೇರಿಂಗಿಗೆ ಸುತ್ತಿ ಹೆಣೆಸುತ್ತಿದ್ದರು. ಹಸಿರು ಹಳದಿ ಸೇರಿಸಿ ಹೆಣೆದರೆ ಹಾವಿನ ಮೈಯಂತೆ ಕಾಣುತ್ತಿತ್ತು. ಅದು ಬರೀ ಚೆಂದಕ್ಕಲ್ಲ. ಆಗಿನ ಗಾಡಿಗಳಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ಚಕ್ರ ದೊಡ್ಡದು, ಹಿಡಿ ತೆಳ್ಳಗೆ, ಮೇಲೆ ನುಣುಪು. ಬೆವರಿದ ಕೈ ಜಾರದಿರಲಿ ಅಂತ ಆ ಹೆಣಿಗೆ. ಅಂಬಾಸಿಡರ್ ಓಡಿಸಿದವರಿಗೆ ನಾನು ಹೇಳುವುದು ತಕ್ಷಣ ತಿಳಿಯುತ್ತದೆ. 2014ರಲ್ಲಿ ಆ ಕಾರಿನ ತಯಾರಿ ನಿಂತಿತು. ಆದರೂ ಅದರ ಚಕ್ರ ತಿರುಗಿಸಿ ತಿರುಗಿಸಿ ಬಲಿತ ತೋಳುಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ.

ನಾನು ಈಗ ಹೇಳಹೊರಟಿರುವುದು ನನ್ನ ಕಾರಿನ ಕಥೆ. ಮಗಳನ್ನು ಮೊಳಕಾಲ್ಮೂರಿಗೆ ಕೊಟ್ಟ ವರ್ಷ, ಅಂದರೆ 2021ರಲ್ಲಿ, ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಸ್ವಿಫ್ಟ್ ತಗೊಂಡೆ. 2019ರ ಗಾಡಿ, ಇಂಜಿನ್ ಚೆನ್ನಾಗಿತ್ತು, ಸೀಟುಗಳು ಮಾತ್ರ ಹರಿದಿದ್ದವು. ಬಳ್ಳಾರಿಯಲ್ಲಿ ಕುಶನ್ ಕೆಲಸದವರ ಹತ್ತಿರ ಹೊಸ ಸೀಟ್ ಕವರ್ ಹೊಲಿಸಿದೆ. ನಮ್ಮ ಕೆಂಪು ಮಣ್ಣಿನ ಧೂಳು ಕೂತರೂ ಕಾಣಬಾರದು ಅಂತ ಅಚ್ಚುಬೆಲ್ಲದ ಬಣ್ಣ ಆರಿಸಿದೆ. ಬಾಗಿಲಿನ ಒಳಮೈಗೂ ಅದೇ. ಕೆಲಸ ಮುಗಿಸಿ ಮನೆಗೆ ತಂದರೆ ಎಲ್ಲ ಬೆಲ್ಲದ ಬಣ್ಣ, ಸ್ಟೇರಿಂಗ್ ಒಂದೇ ಕರ್ರಗೆ! ಮದುವೆಮನೆಯ ಹಸೆಯ ಮೇಲೆ ಒಬ್ಬ ಮಾಸಿದ ಪಂಚೆ ಉಟ್ಟು ಕೂತ ಹಾಗೆ ಕಂಡಿತು. ನಮ್ಮ ಮನೆಯವರು ಬಾಗಿಲಲ್ಲೇ ನಿಂತು ನೋಡಿ, "ಇದಕ್ಕೂ ಮ್ಯಾಚಿಂಗ್ ಮಾಡ್ಸಬೇಕಿತ್ತು" ಅಂದರು. ಅವರ ಮಾತು ತೆಗೆದುಹಾಕುವ ಧೈರ್ಯ ನನಗಿಲ್ಲ. ಅದೇ ವಾರ ಒಂದು ಅಂಗಡಿಗೆ ಹೋಗಿ ಬೆಲ್ಲದ ಬಣ್ಣಕ್ಕೆ ಹತ್ತಿರದ ಒಂದು ರೆಡಿಮೇಡ್ ಹೊದಿಕೆ ತಂದೆ. "ಎಲ್ಲಾ ಗಾಡಿಗೂ ಆಗ್ತದೆ ಸಾರ್" ಅಂದ ಅಂಗಡಿಯವನು. ಎಲ್ಲರ ಕಾಲಿಗೂ ಆಗುವ ಚಪ್ಪಲಿ ಎಲ್ಲಾದರೂ ಉಂಟೇ ಅಂತ ಆಗ ನನಗೆ ಹೊಳೆಯಲಿಲ್ಲ.

2022ರ ಏಪ್ರಿಲ್. ಮಗಳಿಗೆ ಏಳು ತಿಂಗಳು. ಬಾಣಂತನಕ್ಕೆ ತವರಿಗೆ ಕರೆತರಲು ನಾನೇ ಮೊಳಕಾಲ್ಮೂರಿಗೆ ಹೋಗಿದ್ದೆ. ಬೀಗರು ಊಟಕ್ಕೆ ನಿಲ್ಲಿಸಿಕೊಂಡರು. ಅಷ್ಟು ಹೊತ್ತೂ ಕಾರು ಬಿಸಿಲಲ್ಲಿ ಕಾದಿತ್ತು. ಬರುವಾಗ ಗಡಿ ದಾಟಿ ನಮ್ಮ ಕಡೆಯ ಒಂದು ತಿರುವಿನಲ್ಲಿ ಕುರಿ ಮಂದೆ ರಸ್ತೆಗೆ ಇಳಿಯಿತು. ವೇಗವೇನೂ ಹೆಚ್ಚಿರಲಿಲ್ಲ. ಬಲಕ್ಕೆ ತಿರುಗಿಸಿದೆ. ಕೈ ತಿರುಗಿತು, ಹೊದಿಕೆ ತಿರುಗಿತು, ಚಕ್ರ ತಿರುಗಲಿಲ್ಲ. ಎರಡು ಬೆರಳಿನಷ್ಟು ಜಾರಿರಬಹುದು, ಅಷ್ಟೇ. ಬ್ರೇಕ್ ಒತ್ತಿದೆ. ಎಡಗಡೆ ಗಾಲಿ ರಸ್ತೆ ಬಿಟ್ಟು ಮರಳಿಗೆ ಇಳಿದು ನಿಂತಿತು. ಒಂದು ಮರಿಯ ಮುಂಗಾಲು ಮುರಿದಿತ್ತು. ಕುರಿ ಕಾಯುವ ಹುಡುಗ ಬೈಯಲಿಲ್ಲ. ಮರಿಯ ಬೆಲೆ ಕೈಗಿಟ್ಟರೆ ಎಣಿಸಲೂ ಇಲ್ಲ. ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದ. ಹಿಂದಿನ ಸೀಟಿನಲ್ಲಿ ಮಗಳು ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. "ಅಪ್ಪಾ, ಮನಿಗೆ ನಡಿ" ಅಂದಳು. ಮನೆ ಮುಟ್ಟುವ ತನಕ ಇನ್ನೊಂದು ಮಾತಿಲ್ಲ.

ಆ ರಾತ್ರಿ ಟಾರ್ಚು ಹಿಡಿದು ಸ್ಟೇರಿಂಗ್ ನೋಡಿದೆ. ನೋಡುತ್ತಿದ್ದರೆ ನನ್ನ ಮೇಲೇ ಸಿಟ್ಟು ಬಂತು. ಹೊದಿಕೆ ಪೂರಾ ಗುಂಡಗಿನದು. ನನ್ನ ಕಾರಿನ ಚಕ್ರ ಪೂರಾ ಗುಂಡಗಿಲ್ಲ! 2018ರಲ್ಲಿ ಬಂದ ಹೊಸ ನಮೂನೆಯ ಸ್ವಿಫ್ಟಿನ ಸ್ಟೇರಿಂಗ್ ಕೆಳಗಡೆ ಚಪ್ಪಟೆ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಅಲ್ಲಿ ಹೊದಿಕೆ ಒಂದು ಬೆರಳು ಜೋತು ನಿಂತಿತ್ತು. ಒಳಗಿನ ರಬ್ಬರು ಬಿಸಿಲಿಗೆ ಮೆತ್ತಗಾಗಿ ಜಿಗುಟು ಕಳೆದುಕೊಂಡಿತ್ತು. ಇಷ್ಟು ದಿನ ಅದರ ಮೇಲೆ ಕೈಯಿಟ್ಟು ಓಡಿಸಿದವನು ನಾನೇ. ಮೇಲಿನ ದಪ್ಪ ಹೆಚ್ಚಾಗಿ ಮೀಟರಿನ ಕೆಲವು ಅಂಕಿಗಳು ಅದರ ಹಿಂದೆ ಮರೆಯಾಗಿದ್ದನ್ನೂ ದಿನಾ ನೋಡಿದ್ದೆ. ಬಣ್ಣ ಹೊಂದಿತು ಅನ್ನುವ ಖುಷಿಯಲ್ಲಿ ಬಾಕಿ ಯಾವುದೂ ಕಣ್ಣಿಗೆ ಬೀಳಲಿಲ್ಲ.

ಮರುದಿನ ರಾಯದುರ್ಗಕ್ಕೆ ಹೋದೆ. ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದಿಗೆ ನಮ್ಮ ಪಟ್ಟಣ ಹೆಸರಾದದ್ದು ಬಳ್ಳಾರಿ ಕಡೆಯ ವ್ಯಾಪಾರಿಗಳಿಗೆ ಗೊತ್ತೇ ಇದೆ. ಅಂಥ ಒಂದು ಓಣಿಯ ತುದಿಯಲ್ಲಿ, ಬೇವಿನ ಮರದ ಕೆಳಗೆ, ಒಬ್ಬ ಹಿರಿಯರು ಕೂತು ಬೈಕಿನ ಸೀಟು, ಕಾರಿನ ಸೀಟು ಹೊಲಿಯುತ್ತಾರೆ. ಮೊದಲು ಚಪ್ಪಲಿ ಹೊಲಿಯುತ್ತಿದ್ದರು. ಅವರ ತಂದೆ ಕಪಿಲೆ ಬಾವಿಗಳಿಗೆ ತೊಗಲ ಬಾನಿ ಹೊಲಿದು ಕೊಡುತ್ತಿದ್ದವರು. ನಮ್ಮ ಕಡೆ ಜಾತಿ ಯಾವುದಾದರೂ ಬಾಯಲ್ಲಿ ಒಂದು ವರಸೆ ಇರುತ್ತದೆ. ಅವರು ನನಗೆ ಮಾವ, ನಾನು ಅವರಿಗೆ ಅಳಿಯ. ಅವರು ಮಾತಾಡುವುದು ತೆಲುಗು, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

ಹೊದಿಕೆಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ ಮಾವ ಕೇಳಿದರು: "ಏನು ಅಳಿಯಾ, ಎತ್ತಿಗೆ ಮೂಗುದಾರ ಸಡಿಲ ಬಿಟ್ಟು ಗಾಡಿ ಹೂಡ್ತೀಯಾ?"

"ಇಲ್ಲ ಮಾವ."

"ಮತ್ತೆ ಇದಕ್ಕ್ಯಾಕೆ ಸಡಿಲ ಹಾಕಿದೆ? ನಿನಗೆ ಯಾವ ಪಟ್ಟು ಬೇಕು, ಅದು ಹೇಳು."

ಎರಡು ಭಾಷೆ ಬಲ್ಲ ಓದುಗರಿಗೆ ಈ ಮಾತಿನ ರುಚಿ ಬಿಡಿಸಿ ಹೇಳಬೇಕಿಲ್ಲ. ತೆಲುಗಿನಲ್ಲಿ ಪಟ್ಟು ಅಂದರೆ ಹಿಡಿತ, ಪಟ್ಟು ಅಂದರೆ ರೇಷ್ಮೆ. ಕನ್ನಡದಲ್ಲಿ ಗರಡಿಮನೆಯ ಪಟ್ಟು ಉಳಿದುಕೊಂಡಿದೆ, ರೇಷ್ಮೆ ಪಟ್ಟೆಯಾಯಿತು. ಮಗಳನ್ನು ರೇಷ್ಮೆ ಸೀರೆಯ ಊರಿಗೆ ಕೊಟ್ಟವನು ನಾನು. ಆದರೆ ಕೈಗೆ ಬೇಕಾದದ್ದು ಆ ಪಟ್ಟು ಅಲ್ಲ ಅಂತ ಹಿಂದಿನ ದಿನವೇ ಪಾಠವಾಗಿತ್ತು. ನೇಗಿಲ ಹಿಡಿಗೆ ಕನ್ನಡದಲ್ಲಿ ಮೇಳಿ, ತೆಲುಗಿನಲ್ಲಿ ಮೇಡಿ. ಅದಕ್ಕೆ ಯಾವ ರೈತನೂ ಬಟ್ಟೆ ಸುತ್ತಿ ಸಡಿಲ ಬಿಟ್ಟದ್ದು ನಾನು ಕಂಡಿಲ್ಲ. ಅಂಗೈಯೇ ಉಜ್ಜಿ ಉಜ್ಜಿ ಅದನ್ನು ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ.

ಮಾವ ಮೊದಲು ಮಾಡಿದ ಕೆಲಸ ಅಳತೆ. ಕಾರುಗಳ ಸ್ಟೇರಿಂಗ್ ಸಾಮಾನ್ಯವಾಗಿ ಈ ಅಂಚಿನಿಂದ ಆ ಅಂಚಿಗೆ 37, 38 ಸೆಂಟಿಮೀಟರ್ ಇರುತ್ತದೆ. ಪೂರಾ ಗುಂಡಗಿದ್ದರೆ ಶಾಲೆಯ ಲೆಕ್ಕವೇ ಸಾಕು: 38ನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿದರೆ ಸುತ್ತಳತೆ ಸುಮಾರು 119 ಸೆಂಟಿಮೀಟರ್. ನನ್ನದು ಕೆಳಗೆ ಚಪ್ಪಟೆ ಆದ್ದರಿಂದ ಆ ಲೆಕ್ಕ ನಡೆಯುವುದಿಲ್ಲ. ಟೇಪು ಹಿಡಿದು ಮೈಗೆ ಅಂಟಿಸಿಯೇ ಅಳೆಯಬೇಕು. ಆಮೇಲೆ ಹಿಡಿಯ ದಪ್ಪ. ಅದಕ್ಕೆ ದಾರ ಸುತ್ತಿ ನೋಡಿದರು. ಒಂದು ಕಡೆ ಅಳೆದರೆ ಸಾಲದು. ಮೇಲ್ಗಡೆ ಒಂದು ದಪ್ಪ, ಹೆಬ್ಬೆರಳು ಕೂರುವ ಕಡೆ ಉಬ್ಬಿ ಇನ್ನೊಂದು ದಪ್ಪ, ನಡುವಿನ ಕಡ್ಡಿಗಳು ಸೇರುವ ಕಡೆ ಮತ್ತೊಂದು. ಪ್ರತಿ ಜಾಗದ ದಾರವನ್ನೂ ಬೇರೆ ಬೇರೆ ಗಂಟು ಹಾಕಿ ಮೊಳೆಗೆ ನೇತು ಹಾಕಿದರು. ಅವರ ದಾಖಲೆ ಪುಸ್ತಕ ಅದೇ.

ಚರ್ಮ ಆರಿಸುವಾಗ ನಾನು ಸ್ವಲ್ಪ ಜಾಣತನ ತೋರಿಸಹೋದೆ. ನಮ್ಮ ನೆಲದಲ್ಲಿ ತಾನಾಗಿ ಬೆಳೆಯುವ ತಂಗಡಿ ಗಿಡದ ಚಕ್ಕೆಯಿಂದ ಹದ ಮಾಡಿದ ತೊಗಲು ಬೇಕು ಅಂದೆ. ಕವಿಗೆ ಅಂಥ ಆಸೆಗಳು ಬರುತ್ತವೆ. ಮಾವ ನಕ್ಕರು. ಆ ತೊಗಲು ಚಪ್ಪಲಿಗೆ, ಕಪಿಲೆಗೆ ಲಾಯಕ್ಕು, ಬಗ್ಗುವುದು ಕಡಿಮೆ. ಸ್ಟೇರಿಂಗಿಗೆ ಬೇಕಾದದ್ದು ಒಂದು, ಒಂದೂಕಾಲು ಮಿಲಿಮೀಟರ್ ದಪ್ಪದ, ಕ್ರೋಮ್ ಹದದ, ಮೇಲೆ ಬಣ್ಣದ ಲೇಪ ಕೂರಿಸಿದ ಚರ್ಮ. ಇಲ್ಲದಿದ್ದರೆ ಬೆವರಿಗೆ ಬಣ್ಣ ಬಿಟ್ಟು ಅಂಗೈ ಗೋರಂಟಿ ಹಾಕಿದ ಹಾಗೆ ಆಗುತ್ತದೆ. ನಿಮ್ಮಲಕುಂಟದವರು ತೊಗಲು ಗೊಂಬೆಗೆ ಬಳಸುವ, ಬೆಳಕು ಹಾಯುವ ತೊಗಲಂತೂ ಇದಕ್ಕೆ ಬರುವ ಮಾತೇ ಇಲ್ಲ, ಒದ್ದೆಯಾದರೆ ಸೊಟ್ಟಗಾಗುತ್ತದೆ. ಇನ್ನು ರೆಕ್ಸಿನ್. ಅದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಚ್ಚಿದ್ದು. ಸೀಟಿಗೆ ಆದೀತು. ಕೈಯ ಬೆವರು ಅದರ ಮೇಲೇ ನಿಲ್ಲುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಕೊನೆಗೆ ಎರಡು ಥರದ ಚರ್ಮ ತೆಗೆದರು. ಮೇಲೆ ಕೆಳಗೆ ಸಾದಾ, ಎಡ ಬಲ ಕೈ ಕೂರುವ ಜಾಗಕ್ಕೆ ಸಣ್ಣ ಸಣ್ಣ ತೂತು ಹೊಡೆದದ್ದು. ಆ ತೂತುಗಳು ಅಲಂಕಾರ ಅಂತ ನಾನು ತಿಳಿದಿದ್ದೆ. ಬೆವರು ನಿಲ್ಲದಿರಲಿ ಅಂತ ಅವು ಇರುವುದು.

ಆಗ ಬಂತು ಬಣ್ಣದ ಜಗಳ. ಬೆಲ್ಲದ ಬಣ್ಣದ ಚರ್ಮವೇ ಬೇಕು ಅಂದೆ. ಮಾವ ನನ್ನ ಅಂಗೈ ಹಿಡಿದು ತಿರುವಿದರು. "ಯೂರಿಯಾ ಚೀಲ ಎತ್ತಿದ ಕೈ, ಮೋಟಾರಿನ ಗ್ರೀಸ್ ಮುಟ್ಟಿದ ಕೈ. ಆರು ತಿಂಗಳಿಗೆ ಆ ಬೆಲ್ಲ ಕರೀಬೆಲ್ಲ ಆಗ್ತದೆ. ಅದೂ ಕೈ ಕೂರುವ ಕಡೆ ಮಾತ್ರ." ತಿಳಿ ಬಣ್ಣ, ಹೊಳಪು ಮೈ ಇದ್ದರೆ ಇನ್ನೊಂದು ತೊಂದರೆ. ಮಧ್ಯಾಹ್ನದ ಬಿಸಿಲು ಅದಕ್ಕೆ ಬಿದ್ದು ಕಣ್ಣಿಗೆ ಚುಚ್ಚುತ್ತದೆ, ಮುಂದಿನ ಗಾಜಿನಲ್ಲಿ ಅದರ ನೆರಳು ಮೂಡುತ್ತದೆ. ನಮ್ಮ ಬಯಲು ರಸ್ತೆಯಲ್ಲಿ, ಮರದ ನೆರಳೂ ಇಲ್ಲದ ಕಡೆ, ಇದು ಸಣ್ಣ ಮಾತಲ್ಲ. ಹಾಗಾದರೆ ಮ್ಯಾಚಿಂಗ್ ಹೇಗೆ? ಮಾವ ಪಕ್ಕದ ಜೀನ್ಸ್ ಹೊಲಿಯುವವರ ಕಡೆ ಕೈ ತೋರಿಸಿದರು. ನೀಲಿ ಬಟ್ಟೆಯ ಮೇಲೆ ತಾಮ್ರದ ಬಣ್ಣದ ದಪ್ಪ ದಾರದ ಎರಡು ಸಾಲು ಹೊಲಿಗೆ ಓಡುತ್ತಿತ್ತು. ನನ್ನ ಸೀಟಿನ ಹೊಲಿಗೆಯೂ ಬೆಲ್ಲದ ಮೇಲೆ ಅದೇ ತಾಮ್ರದ ದಾರ. "ಚರ್ಮ ಕರ್ರಗೇ ಇರಲಿ. ದಾರ ಸೀಟಿನದು ಹಾಕೋಣ." ಸಾಯಂಕಾಲ ಮನೆಯಲ್ಲಿ ಹೇಳಿದರೆ ಮನೆಯವರು ಒಂದು ಕ್ಷಣವೂ ಯೋಚಿಸಲಿಲ್ಲ. "ಸೀರೆ ಒಡಲಿಗೂ ಕುಪ್ಪಸಕ್ಕೂ ಒಂದೇ ಬಣ್ಣ ಯಾರು ಹಾಕ್ತಾರೆ? ಅಂಚಿಗೆ ಹೊಂದಿದ್ರೆ ಆತು" ಅಂದರು. ಇಷ್ಟು ಗೊತ್ತಿದ್ದವರು ಮೊದಲೇ ಹೇಳಬಾರದಿತ್ತೇ!

ಹೊಲಿಗೆಗೆ ಅರ್ಧ ದಿನ ಹಿಡಿಯಿತು. ನಾನು ಪಕ್ಕದ ಸೀಟಿನಲ್ಲೇ ಕೂತಿದ್ದೆ. ರಂಪಿಗೆಯಿಂದ ನಾಲ್ಕು ತುಂಡು ಕತ್ತರಿಸಿದ್ದರು. ಹಿಡಿಯ ಸುತ್ತಿಗಿಂತ ನಾಲ್ಕೈದು ಮಿಲಿಮೀಟರ್ ಕಡಿಮೆ ಅಗಲ. ಎಳೆದು ಕೂರಿಸಿದರೆ ಮಾತ್ರ ಅಂಚಿಗೆ ಅಂಚು ಸೇರಬೇಕು. ಸರಿ ಅಳತೆಗೆ ಕತ್ತರಿಸಿದರೆ ಬೇಸಿಗೆ ಮುಗಿಯುವಷ್ಟರಲ್ಲಿ ಸಡಿಲ ಬೀಳುತ್ತದೆ. ತುಂಡುಗಳನ್ನು ಮಿಷನ್ನಿನಲ್ಲಿ ಒಂದಕ್ಕೊಂದು ಜೋಡಿಸಿ, ಎರಡೂ ಅಂಚಿಗೆ ಒಂದು ಸಾಲು ಹೊಲಿಗೆ ಹಾಕಿ, ಜೋಡಣೆ ಬರುವ ಕಡೆ ಒಳಮೈಯನ್ನು ಕೆರೆದು ತೆಳ್ಳಗೆ ಮಾಡಿದ್ದರು. ಹಾಗೆ ಮಾಡದಿದ್ದರೆ ಅಂಗೈಗೆ ಗಂಟು ಗಂಟಾಗಿ ತಾಗುತ್ತದೆ. ಒದ್ದೆ ಬಟ್ಟೆಯಿಂದ ಒಳಮೈ ಸವರಿ, ಕಡ್ಡಿಗಳ ಹತ್ತಿರ ಮಾತ್ರ ಚೂರು ಅಂಟು ಹಚ್ಚಿ, ಕೆಳಗಿನಿಂದ ಶುರು ಮಾಡಿದರು. ಎರಡು ಸೂಜಿ, ಒಂದೇ ದಾರ. ಷೂ ಲೇಸು ಕಟ್ಟಿದ ಹಾಗೆ ಅತ್ತಿಂದಿತ್ತ ದಾಟಿಸುವುದು, ಬಿಗಿಯುವುದು. ಚರ್ಮಕ್ಕೆ ಹೊಸ ತೂತು ಹೊಡೆಯುವುದಿಲ್ಲ. ಅಂಚಿನಲ್ಲಿ ಮೊದಲೇ ಹಾಕಿದ ಹೊಲಿಗೆಯ ಕುಣಿಕೆಯಲ್ಲೇ ಸೂಜಿ ಹಾಯಿಸುತ್ತಾರೆ. ಅದರಿಂದ ಚರ್ಮ ಹರಿಯುವುದಿಲ್ಲ. ಐದು ಮಿಲಿಮೀಟರಿಗೆ ಒಂದು ಕುಣಿಕೆ ಅಂದರೆ ಸುತ್ತೆಲ್ಲ ಇನ್ನೂರು ಚಿಲ್ಲರೆ ಸಲ ಬಿಗಿಯಬೇಕು. ಹೊಲಿಗೆಯ ಸಾಲು ಚಕ್ರದ ಒಳಬದಿಗೆ, ಬೆರಳ ತುದಿ ಮಾತ್ರ ತಾಗುವ ಕಡೆ ಬರುತ್ತದೆ. ದಾರ ಪಾಲಿಯೆಸ್ಟರಿನದು. ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ ಅಂದರು. ಹತ್ತಿ ಬೆಳೆಯುವವನ ಎದುರೇ ಹೇಳಿದರು!

ಎಲ್ಲ ಮುಗಿದ ಮೇಲೆ ಮಾವ ಹೊಗಳಿಕೆಗೆ ಕಾಯಲಿಲ್ಲ. ನನ್ನ ಎರಡೂ ಕೈಗೆ ಎಣ್ಣೆ ಹಚ್ಚಿ, "ಈಗ ತಿರುಚು" ಅಂದರು. ಶಕ್ತಿಯೆಲ್ಲ ಹಾಕಿ ತಿರುಚಿದೆ. ಕೈ ಜಾರಿತು. ಚರ್ಮ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಮಗ ಬಂದ. ನಡುವಿನ ಹಾರನ್ನಿನ ಗುಬುಟಕ್ಕೂ ಬೆಲ್ಲದ ರೆಕ್ಸಿನ್ ಅಂಟಿಸಿ, ಅದರ ಮೇಲೊಂದು ದೇವರ ಬಿಂಬ ಕೂರಿಸಿ ಅಂದ. ಮಾವ ಸೂಜಿ ಕೆಳಗಿಟ್ಟರು. "ಅದರೊಳಗೆ ಏನೋ ಮಡಚಿ ಇಟ್ಟಿದ್ದಾರೆ. ನಾನು ಮುಟ್ಟಲ್ಲ."

ಅವರ ಮಾತು ನೂರಕ್ಕೆ ನೂರು ಸರಿ. ಅಲ್ಲಿ ಮಡಚಿಟ್ಟಿರುವುದು ಏರ್‌ಬ್ಯಾಗ್. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯವಾಯಿತು. ಆಮೇಲೆ ಪಕ್ಕದ ಸೀಟಿಗೂ ಬಂತು. ನಡುವಿನ ಮುಚ್ಚಳದ ಮೇಲೆ ಎಸ್‌.ಆರ್‌.ಎಸ್‌. ಎಂಬ ಮೂರು ಅಕ್ಷರ ಇದ್ದರೆ ಒಳಗೆ ಅದು ಇದೆ ಅಂತ ಅರ್ಥ. ಜೋರಾಗಿ ಡಿಕ್ಕಿಯಾದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಆ ನೈಲಾನ್ ಚೀಲ ಉಬ್ಬಿ ಹೊರಗೆ ಬರಬೇಕು. ಅದಕ್ಕಾಗಿಯೇ ಮುಚ್ಚಳದ ಒಳಮೈಯಲ್ಲಿ, ನಮ್ಮ ಕಣ್ಣಿಗೆ ಕಾಣದ ಹಾಗೆ, ಒಂದು ತೆಳ್ಳನೆಯ ಗೀರು ಬಿಟ್ಟಿರುತ್ತಾರೆ. ಒಡೆಯುವುದು ಅಲ್ಲೇ. ಅದರ ಮೇಲೆ ರೆಕ್ಸಿನ್ ಅಂಟಿಸಿದರೆ ಗೀರಿಗೆ ತೇಪೆ ಹಾಕಿದ ಹಾಗೆ. ಬಿಂಬ, ಕಲ್ಲು, ಲೋಹದ ಬಿಲ್ಲೆ ಅಂಟಿಸಿದರೆ ಅದು ಸೀದಾ ನಮ್ಮ ಮುಖಕ್ಕೇ ಸಿಡಿಯುತ್ತದೆ. ದೇವರನ್ನು ಡ್ಯಾಷ್‌ಬೋರ್ಡಿನಲ್ಲೂ ಏರ್‌ಬ್ಯಾಗ್ ತೆರೆಯುವ ಜಾಗ ಬಿಟ್ಟು ಕೂರಿಸಿ. ಇದೇ ಕಾರಣಕ್ಕೆ ಈಗ ಕೈಗಳನ್ನು ಗಡಿಯಾರದ ಹತ್ತು, ಎರಡರ ಜಾಗದಲ್ಲಿ ಇಡುವುದಕ್ಕಿಂತ ಒಂಬತ್ತು, ಮೂರರ ಜಾಗದಲ್ಲಿ ಇಡುವುದು ಒಳ್ಳೆಯದು ಅನ್ನುತ್ತಾರೆ. ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಸೀಟ್ ಕವರ್ ಹೊಲಿಸುವಾಗಲೂ ಆ ಪಕ್ಕೆಯನ್ನು ಮುಚ್ಚಿ ಬಿಗಿಯಬಾರದು.

ಹೊದಿಕೆ ಹೊಲಿಯಲು ಚಕ್ರವನ್ನು ಬಿಚ್ಚಬೇಕು ಅನ್ನುವವರೂ ಇದ್ದಾರೆ. ನನ್ನ ಕಾರಿನಲ್ಲಿ ಬಿಚ್ಚದೆಯೇ ಆಯಿತು. ಬಿಚ್ಚುವುದು ತಿಳಿದವರ ಕೆಲಸ. ಚಕ್ರದ ಹಿಂದೆ ಗಡಿಯಾರದ ಸುರುಳಿಯಂತೆ ಒಂದು ತೆಳು ತಂತಿಯ ಪಟ್ಟಿ ಸುತ್ತಿರುತ್ತದೆ. ಚಕ್ರ ಎಷ್ಟು ತಿರುಗಿದರೂ ಹಾರನ್ನಿಗೂ ಏರ್‌ಬ್ಯಾಗಿಗೂ ಕರೆಂಟು ಮುಟ್ಟಿಸುವುದು ಅದೇ. ತಿರುಗಿಸಿ ತಪ್ಪು ಜಾಗದಲ್ಲಿ ಮತ್ತೆ ಕೂರಿಸಿದರೆ, ಪೂರಾ ತಿರುವು ತೆಗೆದ ದಿನ ಆ ಪಟ್ಟಿ ಹರಿಯುತ್ತದೆ. ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಆರದೆ ಉರಿಯುತ್ತಿದ್ದರೆ ಗಾಡಿಯನ್ನು ಸರ್ವೀಸಿಗೆ ಒಯ್ಯಿರಿ.

ಕೆಲವು ಹುಡುಗರು ಕಂಪನಿಯ ಚಕ್ರವನ್ನೇ ತೆಗೆಸಿ ರೇಸ್ ಕಾರಿನದರಂಥ ಪುಟ್ಟ ಚಕ್ರ ಹಾಕಿಸುತ್ತಾರೆ. ಏರ್‌ಬ್ಯಾಗ್ ಅಲ್ಲಿಗೇ ಹೋಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಲಗಾಮು ಹಾಕುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಇದ್ದ ಚಕ್ರಕ್ಕೆ ಅಂಗಿ ಹೊಲಿಸುವುದು ಬೇರೆ, ಚಕ್ರವನ್ನೇ ಬದಲಿಸುವುದು ಬೇರೆ.

ಚರ್ಮ ಹಾಕಿಸಿದವರು ಅದನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ, ಬೇಕಾದರೆ ಮೆದು ಸೋಪಿನ ನೀರಿನಲ್ಲಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಡ್ಯಾಷ್‌ಬೋರ್ಡಿಗೆ ಹಚ್ಚುವ ಹೊಳಪಿನ ಪಾಲಿಷ್ ಅಂತೂ ಬೇಡವೇ ಬೇಡ, ಜಾರುತ್ತದೆ. ಬಿಸಿಲಲ್ಲಿ ನಿಲ್ಲಿಸುವಾಗ ಮೇಲೊಂದು ಟವಲು ಹೊದಿಸಿ. ಚರ್ಮಕ್ಕೆ ದುಡ್ಡು ಬೇಡ ಅನ್ನುವವರು ನಮ್ಮ ಟ್ರ್ಯಾಕ್ಟರ್ ಡ್ರೈವರುಗಳನ್ನು ನೋಡಬಹುದು. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತುತ್ತಾರೆ. ನೋಡಲು ಚೆಂದವಿಲ್ಲ, ಪಟ್ಟು ಮಾತ್ರ ಬಿಡುವುದಿಲ್ಲ. ಮಾವನೂ ಅದನ್ನು ಒಪ್ಪಿದರು.

ಮಗಳಿಗೆ ಗಂಡು ಮಗುವಾಯಿತು. ಮೂರು ತಿಂಗಳ ಮಗುವನ್ನು ಇಟ್ಟುಕೊಂಡು ಅವಳು ಅದೇ ಕಾರಿನಲ್ಲಿ ಮೊಳಕಾಲ್ಮೂರಿಗೆ ಹೋದಳು. ಹತ್ತುವ ಮೊದಲು ಮುಂದಿನ ಬಾಗಿಲು ತೆಗೆದು, ಸ್ಟೇರಿಂಗನ್ನು ಒಂದು ಕೈಯಲ್ಲಿ ಹಿಡಿದು ತಿರುಚಿ ನೋಡಿದಳು. ಏನೂ ಅನ್ನಲಿಲ್ಲ, ಹಿಂದೆ ಹೋಗಿ ಕೂತಳು. ಆ ಬೆಲ್ಲದ ಬಣ್ಣದ ರೆಡಿಮೇಡ್ ಹೊದಿಕೆಯನ್ನು ನಮ್ಮ ಮನೆಯವರು ಬಿಸಾಡಲು ಬಿಡಲಿಲ್ಲ. ಎರಡು ಸುತ್ತು ಸುತ್ತಿ ಕಟ್ಟಿ ಮಜ್ಜಿಗೆ ಗಡಿಗೆಗೆ ಸಿಂಬಿ ಮಾಡಿಕೊಂಡಿದ್ದಾರೆ. ಗಡಿಗೆ ಅಲುಗದೆ ಕೂತಿದೆ.